ಹಿಮ ನೋಡಲು ಮಲೇಷ್ಯಾಕ್ಕೆ

ಮಲೇಷ್ಯಾಕ್ಕೆ ಹೋಗಿ ಹಿಮ ನೋಡಿ ಬಂದೆ ಎಂದರೆ ನಮ್ಮ ಓಣಿಯವರು ನಗುತ್ತಾರೆ. ನಗಲಿ. ಮೂವತ್ತೊಂದು ವರ್ಷ ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸಿದವಳು ನಾನು. ಹಿಮನದಿ ಹೇಗೆ ಜಾರುತ್ತದೆ, ಹಿಮರೇಖೆ ಎಂದರೇನು, ಎಲ್ಲವನ್ನೂ ಏಪ್ರಿಲ್ ಬಿಸಿಲಿನಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹೇಳಿಕೊಟ್ಟಿದ್ದೇನೆ. ನಾನು ಕಣ್ಣಾರೆ ಕಂಡ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವುದು. ಅದನ್ನೂ ಚಮಚದಿಂದ ಕೆರೆದು ಸಿಂಕಿಗೆ ಹಾಕುತ್ತಿದ್ದೆ.

ನನ್ನ ತಂಗಿ ಮಾಲಿನಿ ಮತ್ತು ಅವಳ ಗಂಡ ಅರವಿಂದ ಇಬ್ಬರೂ ಡಾಕ್ಟರು. ಮಲೇಷ್ಯಾದ ಪೆನಾಂಗಿನಲ್ಲಿ ಹದಿನಾರು ವರ್ಷದಿಂದ ಇದ್ದಾರೆ. ಅವರಿಗೆ ಒಬ್ಬಳೇ ಮಗಳು. ಅರವಿಂದನಿಗೆ ಸ್ಕೀಯಿಂಗ್, ಅಂದರೆ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹುಚ್ಚು. ಅದೂ ದೊಡ್ಡ ದೊಡ್ಡ ಹೆಸರಿನ ಜಾಗಗಳಲ್ಲಿ ಅಲ್ಲ. ಜಪಾನಿನ ಉತ್ತರಕ್ಕೆ ಎಲ್ಲೋ ಒಂದು ಹಳ್ಳಿ, ಒಂದೇ ಲಿಫ್ಟು, ಒಂದೇ ವಸತಿಗೃಹ, ಸಂಜೆ ಐದಾದರೆ ಮುದುಕನೊಬ್ಬ ದೀಪ ಆರಿಸಿ ಮನೆಗೆ ಹೋಗುತ್ತಾನಂತೆ. ಅಂಥ ಮೂರು ನಾಲ್ಕು ಊರುಗಳನ್ನು ಹುಡುಕಿಟ್ಟುಕೊಂಡಿದ್ದ. "ಅಕ್ಕಾರ, ಈ ಸಲ ನೀವೂ ಬರ್ರಿ, ನಾಲ್ಕೂ ಮಂದಿ ಕೂಡಿ ಹೋಗೂನು" ಎಂದ. ನಾನು ಪಾಸ್‌ಪೋರ್ಟು ಮಾಡಿಸಿದೆ, ಎರಡು ಸ್ವೆಟರು ಕೊಂಡೆ, ಪೆನಾಂಗಿಗೆ ಟಿಕೆಟ್ಟೂ ತೆಗೆಸಿದೆ. ಅಷ್ಟರಲ್ಲಿ ಎರಡು ಸಾವಿರದ ಇಪ್ಪತ್ತನೆಯ ಇಸವಿ ಬಂತು. ಜೊತೆಗೆ ರೋಗವೂ ಬಂತು. ಜಪಾನು ರದ್ದಾಯಿತು. "ಟಿಕೆಟ್ ತೆಗೆಸೀರಲ್ಲ, ಇಲ್ಲಿಗರ ಬರ್ರಿ. ಇಲ್ಲೂ ಯಾರಿಗೂ ಗೊತ್ತಿಲ್ಲದ ಜಾಗ ಅವ" ಎಂದು ಅವನೇ ಧೈರ್ಯ ಹೇಳಿದ.

ಹಿಮದ ಸುದ್ದಿಯಿಂದ ಶುರು ಮಾಡಿದ್ದೇನಾದರೂ ನಾನು ಹೇಳಬೇಕಾದದ್ದು ಅದಲ್ಲ. ಆ ಪ್ರವಾಸದ ಕೊನೆಯಲ್ಲಿ ನನ್ನ ತಂಗಿ ನನ್ನನ್ನು "ಇರು" ಎಂದು ಕೇಳಿದಳು. ನನಗೂ ಇರುವ ಆಸೆಯಿತ್ತು. ಬೇಡ ಎಂದೆ. ಇನ್ನೊಮ್ಮೆ ಕೇಳಲಿ ಎಂದು ಕಾದೆ. ಆ ಕಾಯುವಿಕೆಯ ಬಗ್ಗೆ ಯಾರಿಗೂ ಹೇಳಿಲ್ಲ. ಈಗ ಹೇಳುತ್ತೇನೆ.

ಬಯಾನ್ ಲೆಪಾಸ್

ಅವರ ಮನೆ ಪೆನಾಂಗಿನ ವಿಮಾನ ನಿಲ್ದಾಣವಿರುವ ಬಯಾನ್ ಲೆಪಾಸ್ ಎಂಬಲ್ಲಿ, ಹದಿನಾಲ್ಕನೆಯ ಮಹಡಿಯಲ್ಲಿ. ಒಂದು ಕಿಟಕಿಯಿಂದ ಸಮುದ್ರ, ಇನ್ನೊಂದರಿಂದ ಸಾಲು ಸಾಲು ಕಾರ್ಖಾನೆ. ವಿಮಾನಗಳು ಎಷ್ಟು ಕೆಳಗೆ ಇಳಿಯುತ್ತವೆಂದರೆ ಮೊದಲ ದಿನ ನಾನು ಒಣಹಾಕಿದ ಬಟ್ಟೆ ತೆಗೆದುಕೊಂಡು ಒಳಗೆ ಓಡಿಬಂದೆ. ಮಾಲಿನಿಯ ಮಗಳು ಇಂಚರಾ ಬಿದ್ದು ಬಿದ್ದು ನಕ್ಕಳು. ಆಗ ಅವಳಿಗೆ ಒಂಬತ್ತು ವರ್ಷ.

ಈ ಹುಡುಗಿಯ ಜೊತೆ ಮಾತಾಡುವುದೇ ಒಂದು ಮಜಾ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಇಬ್ಬರಿಗೂ ಎಲ್ಲ ತಿಳಿಯುತ್ತದೆ.

"ಏನವಾ, ಹಾಲು ಕುಡದಿ?"

"ಫಿನಿಶ್ಡ್ ಆಲ್ರೆಡಿ, ದೊಡ್ಡಮ್ಮ."

ಎರಡನೆಯ ದಿನಕ್ಕೇ ಅವಳು ತನ್ನ ದಿಂಬು ಎತ್ತಿಕೊಂಡು ನನ್ನ ಕೋಣೆಗೆ ಬಂದುಬಿಟ್ಟಳು. ಶಾಲೆಯಿಂದ ಬಂದು ನನಗೆ ಭೂಗೋಳದ ಪರೀಕ್ಷೆ ಮಾಡುತ್ತಿದ್ದಳು. ಮದುವೆಯಾಗದೆ, ಊರ ಮಂದಿಯ ಮಕ್ಕಳಿಗೆ ಪಾಠ ಹೇಳಿಯೇ ಅರವತ್ತು ದಾಟಿದವಳಿಗೆ ಒಂದು ಮಗು ಹೀಗೆ ತಾನಾಗಿ ಬಂದು ಮಗ್ಗುಲಲ್ಲಿ ಮಲಗುವುದೆಂದರೆ ಏನೆಂದು ಬೇರೆಯವರಿಗೆ ತಿಳಿಯಲಿಕ್ಕಿಲ್ಲ. ನನಗೆ ಬಹಳ ಸುಖವಾಗಿತ್ತು.

ಶನಿವಾರ ಬೆಳಿಗ್ಗೆ ನಾಲ್ವರೂ ರಸ್ತೆ ಬದಿಯ ಮಾಮಕ್ ಹೋಟೆಲಿಗೆ ಹೋದೆವು. ತಮಿಳು ಮುಸಲ್ಮಾನರು ನಡೆಸುವ ಅಂಗಡಿಗೆ ಅಲ್ಲಿ ಹಾಗೆನ್ನುತ್ತಾರೆ. ಬಡಿಸುವವನು ತಮಿಳುನಾಡಿನ ರಾಮನಾಥಪುರದ ಕಡೆಯವನು. ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ ಮಡಿಸಿ ಬೇಯಿಸಿದ ರೊಟ್ಟಿ, ಜೊತೆಗೆ ತೆಳ್ಳಗಿನ ಬೇಳೆಸಾರು. ಎಷ್ಟು ರುಚಿ ಅಂತೀರಿ! ಒಂದು ಮುಗಿಯಿತು.

"ಇನ್ನೊಣ್ಣು ವೇಣುಮಾ, ಅಮ್ಮಾ?" ಎಂದ, ಇನ್ನೊಂದು ಬೇಕೇ ಎಂದು.

"ಸಾಕು, ಸಾಕು, ಬೇಡ" ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ನಮ್ಮ ಕಡೆ ಹೀಗೆ ಕೈ ಅಡ್ಡ ಹಿಡಿದರೆ ಬಡಿಸುವವನು ಬೆರಳ ಸಂದಿಯಿಂದಾದರೂ ಹಾಕಿ ಹೋಗುತ್ತಾನೆ. ಈ ಪುಣ್ಯಾತ್ಮ ತಟ್ಟೆಯನ್ನೇ ಎತ್ತಿಕೊಂಡು ಹೋದ. ನಾನು ಬೆರಳು ಚೀಪುತ್ತ ಕೂತೆ.

ಅರವಿಂದ ಚಹಾ ನೆತ್ತಿಗೇರಿಸಿಕೊಂಡು ನಕ್ಕ. "ಅಕ್ಕಾರ, ಇಲ್ಲಿ ಒಂದ ಸಲ ಕೇಳತಾರ. ಬ್ಯಾಡ ಅಂದ್ರ ಬ್ಯಾಡ. ಮತ್ತ ಮತ್ತ ಕೇಳೂದು ಇವರಿಗೆ ಮರ್ಯಾದಿ ಅಲ್ಲ. ನಾನೂ ಮೊದಲನೇ ವರ್ಷ ಉಪವಾಸನ ಇದ್ದೆ."

"ನಂಗೂ ಈಗ ಅದ ರೂಢಿ ಆಗೇದ" ಎಂದಳು ಮಾಲಿನಿ. "ಊರಿಗೆ ಬಂದ್ರ ಎಲ್ಲಾರೂ ಒತ್ತಾಯ ಮಾಡಿ ಮಾಡಿ ತಲಿ ತಿಂತಾರ."

ನಮ್ಮವ್ವ ಹೇಳುತ್ತಿದ್ದಳು, ಒಂದೇ ಮಾತಿಗೆ ಹ್ಞೂಂ ಅಂದರೆ ಹಸಿದೇ ಬಂದಾರ ಅಂತಾರ, ಎಂದು. ಅದೇ ಅವ್ವನ ಕೈಯಲ್ಲಿ ಬೆಳೆದವಳು ಮಾಲಿನಿ. ಹದಿನಾರು ವರ್ಷಕ್ಕೆ ಅವಳ ಆ ರೂಢಿ ಅಳಿಸಿತ್ತು. ನನ್ನದು ಅಳಿಸಿರಲಿಲ್ಲ.

ತೈಪಿಂಗ್

ಅರವಿಂದನ ಯಾರಿಗೂ ಗೊತ್ತಿಲ್ಲದ ಜಾಗಗಳಲ್ಲಿ ಮೊದಲನೆಯದು ತೈಪಿಂಗ್ ಊರಿನ ಮೇಲಿರುವ ಬೆಟ್ಟ. ಬೆಟ್ಟ ಎಂದರೆ ಮಲೇಷ್ಯಾದಲ್ಲಿ ಎಲ್ಲರೂ ಹೋಗುವುದು ಬೇರೆ ಎರಡು ಜಾಗಕ್ಕೆ. ಅಲ್ಲಿ ಹೋಟೆಲು, ಜೂಜು, ಸ್ಟ್ರಾಬೆರಿ, ಜಾತ್ರೆಯಷ್ಟು ಜನ. ಇಲ್ಲಿ ಹಾಗಲ್ಲ, ಇಂಗ್ಲಿಷರ ಕಾಲದ ನಾಲ್ಕು ಬಂಗಲೆ, ಮೋಡ, ಜಿಗಣೆ, ಅಷ್ಟೇ. ಹಿಮವಿಲ್ಲದಿದ್ದರೂ ಚಳಿಯಾದರೂ ಸಿಗುತ್ತದೆ ಎಂದು ಅವನ ಲೆಕ್ಕ. ಉದ್ದನೆಯ ಸೇತುವೆ ದಾಟಿ, ಹೆದ್ದಾರಿ ಹಿಡಿದು ಹೋದೆವು. ಇಂಚರಾ ದಾರಿಯುದ್ದಕ್ಕೂ ನನ್ನ ಸ್ವೆಟರು ತೊಟ್ಟುಕೊಂಡು ಕೂತಿದ್ದಳು. ತೋಳು ಮೊಳಕಾಲಿನವರೆಗೆ ಬರುತ್ತಿತ್ತು.

ಬೆಟ್ಟದ ಬುಡದಲ್ಲಿ ಒಂದು ಗೇಟು. ಗೇಟಿಗೆ ಬೀಗ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಮಲಯ ಹಿರಿಯ ಕೂತಿದ್ದ. ಗುಡ್ಡ ಕುಸಿದು ದಾರಿ ಮುಚ್ಚಿದೆಯಂತೆ. ಯಾವಾಗ ತೆಗೆಯುತ್ತಾರೆ ಎಂದು ಅರವಿಂದ ಕೇಳಿದ. ಹಿರಿಯ ಬೆಟ್ಟವನ್ನೊಮ್ಮೆ ನೋಡಿದ, ಅದಕ್ಕೇ ಗೊತ್ತು ಎನ್ನುವ ಹಾಗೆ. ಆಮೇಲೆ "ಮಕಾನ್ ಆಯಿತೇ?" ಎಂದು ನಮ್ಮನ್ನು ವಿಚಾರಿಸಿದ. ಊಟ ಆಯಿತೇ ಎಂದು. ನನಗೆ ಒಮ್ಮೆಲೇ ಹುಬ್ಬಳ್ಳಿ ನೆನಪಾಯಿತು. ನಮ್ಮಲ್ಲೂ ಬಾಗಿಲಲ್ಲಿ ನಿಂತವರು ಮೊದಲು ಕೇಳುವುದು ಅದನ್ನೇ.

ಅಷ್ಟರಲ್ಲಿ ಮಳೆ ಹಿಡಿಯಿತು. ತೈಪಿಂಗಿನಲ್ಲಿ ಮಳೆ ಬೀಳದ ದಿನ ಕಡಿಮೆ ಎಂದು ಭೂಗೋಳದವಳಾದ ನನಗೆ ಗೊತ್ತಿರಬೇಕಿತ್ತು. ಕೊಡೆ ತಂದಿರಲಿಲ್ಲ. ಕೆರೆಯ ದಂಡೆಯಲ್ಲಿ ದೊಡ್ಡ ದೊಡ್ಡ ಮಳೆಮರಗಳು ರಸ್ತೆ ದಾಟಿ ನೀರಿಗೆ ಕೊಂಬೆ ಚಾಚಿ ನಿಂತಿದ್ದವು. ಅವುಗಳ ಕೆಳಗೆ ಕಾರು ನಿಲ್ಲಿಸಿ ಡಬ್ಬಿಯಲ್ಲಿದ್ದ ಚಪಾತಿ ತಿಂದೆವು. ಮಾಲಿನಿಗೆ ಆಸ್ಪತ್ರೆಯಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು. ಅವಳು ಮಳೆಯಲ್ಲೇ ಇಳಿದು ದೂರ ಹೋಗಿ ಮಾತಾಡಿ ಬರುತ್ತಿದ್ದಳು. ಬಂದಾಗಲೆಲ್ಲ ಮುಖ ಸಣ್ಣದಾಗಿರುತ್ತಿತ್ತು. ಏನು ಎಂದು ನಾನು ಕೇಳಲಿಲ್ಲ. ಡಾಕ್ಟರರ ಫೋನು, ನಮಗ್ಯಾಕೆ ಇಲ್ಲದ ಉಸಾಬರಿ ಎಂದುಕೊಂಡೆ.

ಮೂರನೆಯ ಮಹಡಿ

ಎರಡನೆಯ ಜಾಗ ಹೆದ್ದಾರಿಯ ಪಕ್ಕದ ಒಂದು ಊರಿನ ಹಳೆಯ ಮಾಲು. ಊರಿನ ಹೆಸರು ಬರೆಯುವುದಿಲ್ಲ. ಅವರ ಹಿಮದ ಬಗ್ಗೆ ನಾನು ಹೇಳುವುದು ಕೇಳಿದರೆ ಪಾಪ, ಬೇಜಾರು ಮಾಡಿಕೊಂಡಾರು. ಕೆಳಗೆ ಚಪ್ಪಲಿ ಅಂಗಡಿ, ಎರಡನೆಯ ಮಹಡಿಯಲ್ಲಿ ಹಲ್ಲಿನ ದವಾಖಾನೆ, ಮೂರನೆಯ ಮಹಡಿಯಲ್ಲಿ ಹಿಮ.

ಮಾಲಿನಲ್ಲಿ ಅರ್ಧಕ್ಕರ್ಧ ಅಂಗಡಿಗಳು ಮುಚ್ಚಿದ್ದವು. ತೆರೆದ ಅಂಗಡಿಗಳೆದುರು ಮಾಸ್ಕ್ ಮುಗಿದಿವೆ ಎಂಬ ಚೀಟಿ. ಅರವಿಂದ ಹುಡುಕುತ್ತಿದ್ದ ಪ್ರಶಾಂತತೆ ರೋಗದ ದೆಸೆಯಿಂದ ಪುಕ್ಕಟೆ ಸಿಕ್ಕಿತ್ತು. ಹಿಮದ ಮನೆಯ ಬಾಗಿಲಲ್ಲಿ ಒಬ್ಬ ಮಲಯ ಹುಡುಗಿ, ತಲೆವಸ್ತ್ರದ ಮೇಲೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಕೂತಿದ್ದಳು. ನಮ್ಮನ್ನು ಬಿಟ್ಟರೆ ಗಿರಾಕಿಗಳೇ ಇಲ್ಲ. ಸೀರೆಯ ಮೇಲೆ ಅವಳು ಕೊಟ್ಟ ದಪ್ಪ ಕೋಟು ಏರಿಸಿದೆ. ಅದರಲ್ಲಿ ನನಗಿಂತ ಮೊದಲು ತೊಟ್ಟವರೆಲ್ಲರ ವಾಸನೆಯಿತ್ತು. ಬೂಟಿನ ಒಳಗೆ ಹಸಿ ಹಸಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದುಕೊಂಡು ಕಾಲು ತೂರಿಸಿದೆ.

ಬಾಗಿಲು ತೆರೆದೊಡನೆ ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದ ವಸ್ತು ಎದುರಿಗಿದೆ, ಕಣ್ಣು ಮಾತ್ರ ಕುರುಡು. ಸೆರಗು ಕೋಟಿನೊಳಗೆ ಸಿಕ್ಕಿಕೊಂಡಿತ್ತು, ಇಂಚರಾ ತನ್ನ ಫ್ರಾಕಿನ ಅಂಚಿನಿಂದ ಒರೆಸಿಕೊಟ್ಟಳು. ಆಮೇಲೆ ನೋಡಿದೆ. ಹೆರೆದ ಕೊಬ್ಬರಿ ಸುರಿದ ಹಾಗೆ ನೆಲದ ತುಂಬ ಬಿಳಿ. ಮೂಲೆಯಲ್ಲಿ ಯಂತ್ರವೊಂದು ಇನ್ನಷ್ಟು ಉಗುಳುತ್ತಿತ್ತು. ಒಂದಿಷ್ಟು ಕೈಯಲ್ಲಿ ಹಿಡಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾಲಿಗೆಗೆ ಹಚ್ಚಿದೆ. ನಲ್ಲಿ ನೀರಿನ ರುಚಿ. ಆದರೂ ಎದೆಯೊಳಗೆ ಏನೋ ಹಗುರಾಯಿತು.

ಗೋಡೆಯ ಪಕ್ಕ ಪ್ಲಾಸ್ಟಿಕ್ಕಿನ ಹಿಮಕರಡಿ, ಅದರ ಮಗ್ಗುಲಿಗೇ ಪೆಂಗ್ವಿನ್ನು. ಇದು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ. ಒಂದು ಉತ್ತರ ಧ್ರುವದ್ದು, ಇನ್ನೊಂದು ದಕ್ಷಿಣದ್ದು, ಜನ್ಮದಲ್ಲಿ ಇವೆರಡೂ ಭೇಟಿಯಾಗುವುದಿಲ್ಲ ಎಂದು ಆ ಹುಡುಗಿಗೆ ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಶ್ರದ್ಧೆಯಿಂದ ಕೇಳಿ, "ಹಿಯರ್ ಆಲ್ ಕ್ಯಾನ್ ಮೀಟ್ ಲಾ, ಆಂಟಿ" ಎಂದಳು.

ಜಾರುವ ಇಳುಕಲು ನಮ್ಮ ಶಾಲೆಯ ವರಾಂಡದಷ್ಟು ಉದ್ದವಿತ್ತು. ಅರವಿಂದ ಮಾತ್ರ ಜಪಾನಿಗೆ ಹೊರಟವನ ಹಾಗೆ ತನ್ನದೇ ಕೈಗವಸು, ಕನ್ನಡಕ, ಹಲಗೆ ಎಲ್ಲ ತಂದಿದ್ದ. ಕಟ್ಟಿಕೊಳ್ಳಲು ಹದಿನೈದು ನಿಮಿಷ. ನಾನು ಎಂಟು ಎಣಿಸುವುದರೊಳಗೆ ಕೆಳಗಿದ್ದ. ಮತ್ತೆ ಹಲಗೆ ಬಿಚ್ಚಿ, ಹೆಗಲ ಮೇಲಿಟ್ಟು, ಮೆಟ್ಟಿಲು ಹತ್ತಿ ಬಂದ. ಹೀಗೆ ಆರು ಸಲ. ಐವತ್ತರ ಹತ್ತಿರದ ಮನುಷ್ಯ, ಆಸ್ಪತ್ರೆಯಲ್ಲಿ ಇವನು ಅರಿವಳಿಕೆ ಕೊಟ್ಟು ಮಲಗಿಸದೆ ಯಾರ ಆಪರೇಷನ್ನೂ ಆಗುವುದಿಲ್ಲವಂತೆ. ಇಲ್ಲಿ ಎಂಟು ಎಣಿಕೆಯ ಸುಖಕ್ಕೆ ಮುಖ ಅರಳಿಸಿಕೊಂಡು ಓಡಾಡುತ್ತಿದ್ದ. ಮಾಲಿನಿ ಫೋನು ಹಿಡಿದುಕೊಂಡು ಹೊರಗೇ ಉಳಿದಿದ್ದಳು.

ಇಂಚರಾಳಿಗೆ ಇಬ್ಬರು ಕೂಡುವ ರಬ್ಬರ್ ಟ್ಯೂಬು ಸಿಕ್ಕಿತು. ಅದರ ಮುಂದಿನ ಭಾಗದಲ್ಲಿ ಕೂತು, ಹಿಂದಿನ ಜಾಗವನ್ನು ತಟ್ಟಿ ತೋರಿಸಿದಳು. "ದೊಡ್ಡಮ್ಮ, ಯು ಸಿಟ್ ಹಿಯರ್. ಬರ್ತೀರಾ?"

ಕನ್ನಡದ ಒಂದು ಶಬ್ದ ನನಗಾಗಿ ಹುಡುಕಿ ತಂದಿದ್ದಳು. ನನಗೆ ಆಗಲೇ ಹೋಗಿ ಕೂಡಬೇಕೆನಿಸಿತು. ಟೊಪ್ಪಿಗೆಯ ಹುಡುಗಿಯೂ ಹಗ್ಗ ಹಿಡಿದು ಕೇಳಿದಳು, "ಆಂಟಿ, ವಾಂಟ್ ಆರ್ ನಾಟ್?"

"ಅಯ್ಯ, ಬ್ಯಾಡವಾ, ನೀ ಹೋಗು" ಎಂದೆ. ಅಂದ ಕೂಡಲೇ ಹುಡುಗಿ ಹಗ್ಗ ಬಿಟ್ಟಳು. ಟ್ಯೂಬು ಜಾರಿತು. ಇಂಚರಾ ಕೆಳಗೆ ಮುಟ್ಟಿ, ಹಿಂದಿನ ಖಾಲಿ ಜಾಗವನ್ನು ಒಮ್ಮೆ ನೋಡಿ, ಎದ್ದು ಕೈ ಬೀಸಿದಳು. ಆಮೇಲೆ ಒಬ್ಬಳೇ ನಾಲ್ಕು ಸಲ ಜಾರಿದಳು. ಮತ್ತೆ ಕರೆಯಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ತಡೆಯಲಾರದೆ ಹೇಳಿದೆ, "ಇನ್ನೊಮ್ಮೆ ಕೇಳಿದ್ರ ನಾ ಕೂಡತಿದ್ದೆ ನೋಡು."

"ದೆನ್ ವೈ ಯು ಸೆಡ್ ನೋ?"

"ಹಂಗ ಅನಬೇಕಾಗ್ತದವಾ."

"ವೈ?"

ಅರವಿಂದ ನಗತೊಡಗಿದ. ನನಗೂ ನಗು ಬಂತು. ಮಗುವಿಗೆ ನಗು ಬರಲಿಲ್ಲ. ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದಂತಿತ್ತು.

ಮತ್ತೆ ಬಯಾನ್ ಲೆಪಾಸ್

ನಾನು ಹೊರಡುವುದಕ್ಕೆ ಮೂರು ದಿನ ಉಳಿದಿತ್ತು. ಮಾಲಿನಿ ಅಡುಗೆಮನೆಯಲ್ಲಿ ಸೊಪ್ಪು ತೊಳೆಯುತ್ತಿದ್ದಳು. ನಾನು ಕೊತ್ತಂಬರಿ ಬಿಡಿಸುತ್ತಿದ್ದೆ. ನನ್ನ ಕಡೆ ತಿರುಗದೆಯೇ ಅಂದಳು:

"ಅಕ್ಕಾ, ಟಿಕೆಟ್ ಮುಂದ ಹಾಕ್ತೀಯೇನು? ಒಂದೆರಡು ತಿಂಗಳು ಇರು. ಇದು ಭಾಳ ಜೋರ ಆಗೂ ಹಂಗ ಕಾಣತದ. ನಮಗಿಬ್ಬರಿಗೂ ಡ್ಯೂಟಿ ಬೀಳತದ. ಇಂಚರಾ ಒಬ್ಬಾಕಿನ ಆಗತಾಳ. ವೀಸಾದ್ದು ನಾವು ನೋಡ್ಕೋತೀವಿ."

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಯಾರನ್ನೂ ಕೇಳಲಾರರು. ತೈಪಿಂಗಿನ ಮಳೆಯಲ್ಲಿ ಅವಳು ಮಾತಾಡುತ್ತಿದ್ದದ್ದು ಏನೆಂದು ಆಗ ತಿಳಿಯಿತು. ನನ್ನ ಮನಸ್ಸು ಕುಣಿಯಿತು. ಎರಡು ತಿಂಗಳು ಆ ಮಗುವಿನ ಜೊತೆ! ಹುಬ್ಬಳ್ಳಿಯಲ್ಲಿ ನನಗಾಗಿ ಕಾಯುವವರು ಯಾರಿದ್ದಾರೆ? ಆದರೆ ಬಾಯಿ ತನ್ನ ರೂಢಿಯ ಪ್ರಕಾರ ನಡೆಯಿತು.

"ಅಯ್ಯ, ಬ್ಯಾಡ ಬಿಡವಾ. ನಿಮಗ್ಯಾಕ ತ್ರಾಸು? ಮನ್ಯಾಗ ಸಿಲಿಂಡರ್ ಬೇರೆ ಬರೂದದ."

ಸಿಲಿಂಡರು! ದೇವರೇ, ಬೇರೆ ನೆವವಾದರೂ ಹೊಳೆಯಬಾರದಿತ್ತೇ?

ನಿಜ ಹೇಳಬೇಕೆಂದರೆ ಬರೀ ರೂಢಿ ಅಷ್ಟೇ ಅಲ್ಲ. ಮದುವೆಯಾಗದ ಅಕ್ಕ, ನಿವೃತ್ತಿಯಾದವಳು, ತಂಗಿ ಇರು ಎನ್ನುವುದನ್ನೇ ಕಾಯುತ್ತಿದ್ದಳು, ಒಂದೇ ಮಾತಿಗೆ ಕೂತುಬಿಟ್ಟಳು ಎಂದು ಅರವಿಂದನಿಗೆ ಅನ್ನಿಸೀತೇ ಎಂಬ ಅಂಜಿಕೆ. ಇನ್ನೆರಡು ಸಲ ಅವರು ಕೇಳಬೇಕು, ನಾನು ಒಲ್ಲೆ ಒಲ್ಲೆ ಎನ್ನಬೇಕು, ಕಡೆಗೆ ಅವರ ಒತ್ತಾಯಕ್ಕೆ ಉಳಿದ ಹಾಗಾಗಬೇಕು. ಆಗ ನನ್ನ ಮಾನ ಉಳಿಯುತ್ತದೆ. ಇಷ್ಟೇ ನನ್ನ ಲೆಕ್ಕ.

ಮಾಲಿನಿ ತಿರುಗಿ ನೋಡಿದಳು. "ಹ್ಞೂಂ. ಆತು" ಎಂದಳು. ನಲ್ಲಿ ತಿರುವಿ ಸೊಪ್ಪು ತೊಳೆಯುವುದನ್ನು ಮುಂದುವರಿಸಿದಳು.

ನಾನು ಕಾದೆ. ಊಟಕ್ಕೆ ಕೂತಾಗ ಅರವಿಂದ ಮಾತೆತ್ತುತ್ತಾನೆ ಎಂದುಕೊಂಡೆ. ಅವನು ಆಸ್ಪತ್ರೆಯ ಸುದ್ದಿ ಹೇಳಿದ. ಮರುದಿನ ಬೇಕೆಂದೇ ಸೂಟ್‌ಕೇಸು ಪಡಸಾಲೆಯ ನಡುವೆ ತೆರೆದಿಟ್ಟು ನಿಧಾನವಾಗಿ ತುಂಬತೊಡಗಿದೆ. ಮಾಲಿನಿ ಬಂದು ಮೊಣಕಾಲೂರಿ ಕೂತಳು. ಈಗ ಕೇಳುತ್ತಾಳೆ ಎಂದುಕೊಂಡೆ. ಅವಳು ನನ್ನ ಸೀರೆಗಳನ್ನು ಅಂದವಾಗಿ ಮಡಚಿ, ನಡುವೆ ಹಾಲಿಗೆ ಬೆರೆಸುವ ಮೈಲೋ ಪುಡಿಯ ಎರಡು ಪ್ಯಾಕೆಟ್ಟು ಸೇರಿಸಿ, ಮುಚ್ಚಿ ಜಿಪ್ಪು ಎಳೆದಳು. ವಿಮಾನ ನಿಲ್ದಾಣ ಮನೆಯಿಂದ ಹತ್ತೇ ನಿಮಿಷ. ಆ ಹತ್ತು ನಿಮಿಷವೂ ಕಾದೆ. ತಪಾಸಣೆಯ ಸಾಲಿನಲ್ಲಿ ಹಿಂದಿನವರನ್ನೆಲ್ಲ ಮುಂದೆ ಬಿಟ್ಟೆ. ಇಂಚರಾ ಗಾಜಿನಾಚೆ ನಿಂತು ಕೈ ಬೀಸಿದಳು. "ಮುಟ್ಟಿದ ಮ್ಯಾಲ ಮೆಸೇಜ್ ಮಾಡು ಅಕ್ಕಾ" ಎಂದಿದ್ದಳು ಮಾಲಿನಿ. ಅಷ್ಟೇ.

ಮಾಮಕ್ ಹೋಟೆಲಿನಲ್ಲಿ ಒಂದು ಸಲ, ಹಿಮದ ಮನೆಯಲ್ಲಿ ಇನ್ನೊಂದು ಸಲ, ಎರಡು ಪಾಠ ಆಗಿತ್ತು ನನಗೆ. ಶಾಲೆಯಲ್ಲಿ ಇಂಥ ದಡ್ಡ ಹುಡುಗಿ ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹುಬ್ಬಳ್ಳಿ

ನಾನು ಮನೆ ಮುಟ್ಟಿದ ವಾರದೊಳಗೆ ಅಲ್ಲಿ ಎಲ್ಲ ಬಂದ್ ಆಯಿತು. ವಿಮಾನಗಳು ನಿಂತವು. ಇನ್ನೊಂದು ವಾರಕ್ಕೆ ಇಲ್ಲಿಯೂ ಬಂದ್. ಸಿಲಿಂಡರು ಬಂತು.

ಅರವಿಂದ ರೋಗಿಗಳ ಗಂಟಲಿಗೆ ನಳಿಗೆ ಹಾಕುವ ಕೆಲಸದವನು. ಮನೆಗೆ ರೋಗ ತರಬಾರದೆಂದು ಆಸ್ಪತ್ರೆಯ ವಸತಿಯಲ್ಲೇ ಉಳಿದ. ಮಾಲಿನಿಗೆ ಒಂದೊಂದು ಪಾಳಿ ಹನ್ನೆರಡು ತಾಸು. ಕೆಲಸದವಳು ಬರುವಂತಿಲ್ಲ, ಪಕ್ಕದವರು ಒಳಗೆ ಬರುವಂತಿಲ್ಲ. ಹದಿನಾಲ್ಕನೆಯ ಮಹಡಿಯಲ್ಲಿ ಒಂಬತ್ತು ವರ್ಷದ ಹುಡುಗಿ ಒಬ್ಬಳೇ. ಎದುರು ಮನೆಯ ಲೆಚ್ಚುಮಿ ಎಂಬ ತಮಿಳು ಹೆಂಗಸು ಬಾಗಿಲಿಗೆ ಊಟದ ಡಬ್ಬಿ ಇಟ್ಟು, ಗಂಟೆ ಒತ್ತಿ, ದೂರ ಸರಿದು ನಿಲ್ಲುತ್ತಿದ್ದಳಂತೆ. ಆ ತಾಯಿಯ ಋಣ ದೊಡ್ಡದು.

ನಾನೇನು ಮಾಡಿದೆ? ಫೋನಿನಲ್ಲಿ ಕೂತೆ. ನಮಗಿಂತ ಅವರ ಗಡಿಯಾರ ಎರಡೂವರೆ ತಾಸು ಮುಂದೆ. ಇಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ವಿಡಿಯೋ ಹಚ್ಚುತ್ತಿದ್ದೆ. ಅವಳು ಫೋನನ್ನು ಊಟದ ಮೇಜಿಗೆ ಒರಗಿಸಿ ತನ್ನ ಪಾಡಿಗೆ ಓಡಾಡುತ್ತಿದ್ದಳು. ನಾನು ಇಲ್ಲಿ ಅವಲಕ್ಕಿ ತಿನ್ನುವುದು, ಅವಳು ಅಲ್ಲಿ ಲೆಕ್ಕ ಮಾಡುವುದು. ಒಂದು ದಿನ ನೋಡಿದರೆ ಕೂದಲು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು, ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ. "ಜಡೆ ಅಲೋನ್ ಕೆನಾಟ್ ಡೂ, ದೊಡ್ಡಮ್ಮ" ಎಂದಳು. ನಾನು ಚೆಂದ ಕಾಣ್ತದ ಎಂದೆ. ಫೋನು ಇಟ್ಟ ಮೇಲೆ ಅತ್ತೆ.

ಏಪ್ರಿಲ್ ಕೊನೆಗೆ ಒಂದು ಮಧ್ಯಾಹ್ನ ಅವಳು ಶ್ಯಾವಿಗೆ ಪೊಟ್ಟಣ ಒಡೆದು, ನೀರು ಕಾಯಿಸುವ ಜಗ್ಗು ಎತ್ತಿದಳು. "ಎರಡೂ ಕೈಯಿಂದ ಹಿಡಿಯವಾ" ಎಂದು ನಾನು ಹೇಳುತ್ತಲೇ ಇದ್ದೆ. ಜಗ್ಗು ಜಾರಿತು. ಚೀರಿದಳು. "ದೊಡ್ಡಮ್ಮಾ!" ಎಂದು ಕೂಗಿದಳು, ಅಮ್ಮ ಎಂದಲ್ಲ. ಅವಳು ಮೇಜಿಗೆ ಬಡಿದ ರಭಸಕ್ಕೆ ಫೋನು ಅಂಗಾತ ಬಿತ್ತು, ನನಗೆ ಕಂಡದ್ದು ನಿಧಾನಕ್ಕೆ ತಿರುಗುವ ಫ್ಯಾನು ಮಾತ್ರ. ಅಳು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ನೀರು ಬೀಳುವ ಶಬ್ದ.

ನಾನು ಹುಬ್ಬಳ್ಳಿಯ ಪಡಸಾಲೆಯಲ್ಲಿ ನಿಂತು ಹುಚ್ಚಿಯ ಹಾಗೆ ಒದರಿದೆ. ಪಕ್ಕದ ಮನೆಯವರ ಫೋನು ಕಸಿದುಕೊಂಡು ಮಾಲಿನಿಗೆ ಹಚ್ಚಿದೆ. ಅವಳು ರೋಗ ತಗಲದಂತೆ ಮೈತುಂಬ ತೊಡುವ ದಿರಿಸಿನೊಳಗೆ ಇದ್ದಳು, ಫೋನು ಹೊರಗೆ ಪೆಟ್ಟಿಗೆಯಲ್ಲಿ. ಅರವಿಂದನದೂ ಹಾಗೇ. ಲೆಚ್ಚುಮಿಯ ನಂಬರು ನನ್ನ ಹತ್ತಿರ ಇರಲಿಲ್ಲ. ಇಪ್ಪತ್ತು ನಿಮಿಷ ಆ ಫ್ಯಾನನ್ನು ನೋಡಿದೆ. ಮೂರು ರೆಕ್ಕೆ, ಒಂದರ ತುದಿಗೆ ಧೂಳು ಹತ್ತಿತ್ತು.

ಆಮೇಲೆ ಇಂಚರಾಳ ಮುಖ ಬಂತು. ಕೆಂಪು ಕಣ್ಣು. ಎಡಗೈಗೆ ಒದ್ದೆ ಟವೆಲು ಸುತ್ತಿಕೊಂಡಿದ್ದಳು. ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ, ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕೆಂದು. ಗಡಿಯಾರ ನೋಡಿಕೊಂಡೇ ಹಿಡಿದಿದ್ದಳು. "ಇಟ್ಸ್ ಓಕೆ ಆಲ್ರೆಡಿ, ದೊಡ್ಡಮ್ಮ. ಡೋಂಟ್ ಕ್ರೈ" ಎಂದು ನನಗೇ ಸಮಾಧಾನ ಮಾಡಿದಳು.

ರಾತ್ರಿ ಮಾಲಿನಿ ಫೋನು ಮಾಡಿದಾಗ ನಾನು ಹೇಳಿದೆ, "ನಾ ಇರಬೇಕಿತ್ತವಾ."

"ನಾ ಕೇಳಿದ್ದೆ ಅಕ್ಕಾ."

"ಒಂದ ಸಲ ಕೇಳಿದಿ. ಇನ್ನೊಮ್ಮೆ ಕೇಳಬೇಕಿಲ್ಲೇನು?"

"ನಂ ಮನಿಯೊಳಗ ಸಾಯೂ ರೋಗ ಬರೂದಿತ್ತು. ಬಂದು ಇರು ಅಂತ ನಿನಗ ಎಷ್ಟು ಸಲ ಒತ್ತಾಯ ಮಾಡಲಿ?" ಎಂದಳು. ಸಿಟ್ಟಿನಿಂದ ಅಲ್ಲ, ದಣಿವಿನಿಂದ. ಅದು ನನಗೆ ಹೊಳೆದೇ ಇರಲಿಲ್ಲ. ನಾನು ನನ್ನ ಮಾನದ ಲೆಕ್ಕ ಹಾಕುತ್ತಿದ್ದಾಗ ಅವಳು ನನ್ನ ಜೀವದ ಲೆಕ್ಕ ಹಾಕಿದ್ದಳು.

ಎರಡು ವರ್ಷದ ಮೇಲೆ

ಗಡಿ ತೆರೆದ ಕೂಡಲೇ ಹೋದೆ. ಈ ಸಲ ಯಾರೂ ಕರೆಯಲಿಲ್ಲ, ನಾನೇ ಹೊರಟೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಊರವರಿಗೆ ಹೇಳುತ್ತಿದ್ದವಳು, ಮಿಂಚಿದ್ದನ್ನು ಹಿಡಿಯಲು ಹೋದೆ ಅನ್ನಿ.

ಮಾಲಿನಿಯ ತಲೆ ಅರ್ಧ ಬೆಳ್ಳಗಾಗಿತ್ತು. ಅರವಿಂದ ಸ್ಕೀ ಹಲಗೆಗಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಮೂರನೆಯ ಮಹಡಿಯ ಹಿಮದ ಮನೆ ಮುಚ್ಚಿಹೋಯಿತೆಂದು ಅವನೇ ಹೇಳಿದ. ಇಂಚರಾ ನನ್ನ ಭುಜಕ್ಕೆ ಬಂದಿದ್ದಳು. ಎಡಗೈಯ ಮೇಲೆ ಅಂಗೈಯಗಲದ ಕಲೆ, ನುಣುಪಾಗಿ ಹೊಳೆಯುತ್ತಿತ್ತು. ನಾನು ಅದನ್ನು ಹಿಡಿದು ನೋಡಿದೆ. ನೋಡಲು ಬಿಟ್ಟಳು, ಆಮೇಲೆ ಮೆಲ್ಲಗೆ ಕೈ ತೆಗೆದುಕೊಂಡಳು.

ಮೊದಲ ದಿನದ ಊಟದಲ್ಲೇ ನೇರವಾಗಿ ಹೇಳಿದೆ. ಅಲ್ಲಿನವರ ಹಾಗೆ, ಸುತ್ತು ಬಳಸದೆ. "ಇಂಚರಾ, ನಾ ಈ ಸಲ ಭಾಳ ದಿನ ಇರಬೇಕಂತ ಮಾಡೀನಿ. ಬೇಕೋ ಬ್ಯಾಡೋ, ನೀ ಹೇಳು."

ಇಂಚರಾ ಚಮಚ ಕೆಳಗಿಟ್ಟು ನಿಜವಾಗಿಯೂ ಯೋಚಿಸಿದಳು. ಅವಳು ಯಾವಾಗಲೂ ಹಾಗೇ. ಆಮೇಲೆ ಹೇಳಿದಳು, "ದಟ್ ಟೈಮ್ ಐ ವಾಂಟೆಡ್. ನೌ ನೋ ನೀಡ್, ದೊಡ್ಡಮ್ಮ. ಯು ಕ್ಯಾನ್ ಸ್ಟೇ ಇಫ್ ಯು ಲೈಕ್." ಅದರಲ್ಲಿ ಕೊಂಕಿರಲಿಲ್ಲ, ಮುನಿಸೂ ಇರಲಿಲ್ಲ. ಆ ರಾತ್ರಿ ಅವಳು ತನ್ನ ಕೋಣೆಯಲ್ಲಿ ಮಲಗಿದಳು, ನಾನು ನನ್ನ ಕೋಣೆಯಲ್ಲಿ.

ಮರುದಿನ ಮಾಲಿನಿ, ಅರವಿಂದ ಇಬ್ಬರೂ ನಸುಕಿನಲ್ಲೇ ಆಸ್ಪತ್ರೆಗೆ ಹೋದರು. ನಾನು ಎದ್ದು ಏನಾದರೂ ಮಾಡಿಕೊಡೋಣವೆಂದು ಅಡುಗೆಮನೆಗೆ ಬಂದರೆ ಇಂಚರಾ ಆಗಲೇ ಮೊಟ್ಟೆ ಬೇಯಿಸಿ ತಿಂದು, ತಟ್ಟೆ ತೊಳೆದು, ಡಬ್ಬಿ ಕಟ್ಟಿಕೊಂಡಿದ್ದಳು. ನನಗೆ ಚಹಾ ಸೋಸಿ ಇಟ್ಟು "ಬೈ" ಎಂದು ಚೀಲ ಹೆಗಲಿಗೇರಿಸಿದಳು. ನಾನು ಚಹಾ ಎತ್ತಿಕೊಂಡು ಪಡಸಾಲೆಗೆ ಬರುವಷ್ಟರಲ್ಲಿ ಅವಳು ಹೊರಗೆ. ಒಲೆ, ದೀಪ, ಕೀಲಿ ಎಂದು ಬೆರಳು ಮಡಚಿ ಎಣಿಸುತ್ತಿರುವುದು ಬಾಗಿಲ ಪಕ್ಕದ ಕಿಟಕಿಯಿಂದ ಕಾಣಿಸಿತು. ಬಾಗಿಲು ಎಳೆದಳು. ಅದರಾಚೆಯ ಕಬ್ಬಿಣದ ಜಾಲರಿ ಎಳೆದಳು. ಜಾಲರಿಗೆ ಹೊರಗಿನಿಂದ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಲಿಫ್ಟಿನ ಕಡೆ ಓಡಿದಳು.

ಕೂಗಲೆಂದು ಬಾಯಿ ತೆರೆದೆ. ಕೂಗಲಿಲ್ಲ. ಫೋನು ಕೈಯಲ್ಲೇ ಇತ್ತು. ಮಾಡಲಿಲ್ಲ. ಅವಳದೇನೂ ತಪ್ಪಿರಲಿಲ್ಲ. ತಾನು ಹೊರಟ ಮೇಲೆ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದು ಅವಳ ಕೈಗೆ ಎರಡು ವರ್ಷದಿಂದ ರೂಢಿಯಾಗಿತ್ತು. ಸಂಜೆ ಅವಳು ಬಂದು ಬೀಗ ತೆಗೆಯುವವರೆಗೆ ನಾನು ಒಳಗೇ ಕೂತಿದ್ದೆ.